ಹೂವಿನ ಹುಡಿಗೆ ಆಯುಷ್ಯ ಎಷ್ಟು ಹೊತ್ತು?



ಕೈತೋಟದ ಮಾತು ಬಂದಾಗಲೆಲ್ಲ ಸಭೆಗಳಲ್ಲಿ ಒಂದು ದೂರು ಕೇಳುತ್ತೇವೆ: "ಸಿಹಿಗುಂಬಳದ ಬಳ್ಳಿ ಚೆನ್ನಾಗೇ ಹಬ್ಬಿದೆ, ಹೂವೂ ಬಿಡ್ತದೆ, ಆದ್ರೆ ಹೀಚು ಹಳದಿಯಾಗಿ ಉದುರ್ತದೆ." ರೋಗ ಬಂತೆಂದು ಕೂಡಲೇ ಔಷಧಿ ತಂದು ಹೊಡೆಯುವವರೇ ಹೆಚ್ಚು. ಸಂಘದಿಂದ ಪಡೆದ ಸಾಲದ ದುಡ್ಡು ಆ ಡಬ್ಬಿಗೇ ಹೋಗುತ್ತದೆ. ಅದಕ್ಕೆ ಮೊದಲು ಉದುರಿದ ಹೀಚನ್ನು ಕುಯ್ದು ನೋಡೋಣ. ಒಳಗೆ ಹುಳ ಇದ್ದರೆ ಅದು ಹಣ್ಣುನೊಣದ ಕೆಲಸ. ಹುಳವೂ ಇಲ್ಲ, ಚುಚ್ಚಿದ ಗುರುತೂ ಇಲ್ಲ, ಸುಮ್ಮನೆ ಮುರುಟಿದೆ ಅಂದರೆ ಹೆಚ್ಚಾಗಿ ಹೆಣ್ಣು ಹೂವಿಗೆ ಹುಡಿ ಸಿಕ್ಕಿಲ್ಲ.

ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂವು. ಬರೀ ತೊಟ್ಟಿನ ಮೇಲೆ ನಿಂತದ್ದು ಗಂಡು. ಗಂಡು ಹೂವಿನ ಹಳದಿ ಹುಡಿಯೇ ಪರಾಗ. ಇದು ಜೀವವಿರುವ ವಸ್ತು. ಬಿಸಿಲಿಗೆ ಒಣಗಿದರೆ ಸಾಯುತ್ತದೆ, ನೀರು ಬಿದ್ದರೆ ಒಡೆಯುತ್ತದೆ. ಅದರ ಆಯುಷ್ಯ ಎಲ್ಲ ಗಿಡಕ್ಕೂ ಒಂದೇ ಅಲ್ಲ. ಭತ್ತದ ಹುಡಿ ಹೊರಬಿದ್ದ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ. ಖರ್ಜೂರದ್ದೋ, ಒಣಗಿಸಿ ತಂಪಿನಲ್ಲಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತದೆ! ಗಲ್ಫಿನಲ್ಲಿ ಮರ ಹತ್ತಿ ಹೆಣ್ಣು ಗೊನೆಗೆ ಕೈಯಿಂದಲೇ ಹುಡಿ ಹಾಕುತ್ತಾರೆ. ಅಲ್ಲಿ ದುಡಿದು ಬಂದವರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ.

ನಮ್ಮ ಸಿಹಿಗುಂಬಳದ ಲೆಕ್ಕ ಒಂದು ಬೆಳಗ್ಗೆ ಮಾತ್ರ. ನಸುಕಿನಲ್ಲಿ ಅರಳಿದ ಹೂವು ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಮರುದಿನ ಬಾಡಿದ ಹೂವಿನ ಹುಡಿಯನ್ನು ನಂಬಬೇಡಿ. ಹಾಗಲ, ತುಪ್ಪೀರೆಯೂ ಬೆಳಗ್ಗೆಯೇ ಅರಳುತ್ತವೆ. ಹೀರೆ, ಸೋರೆ, ಪಡವಲ ಹಾಗಲ್ಲ, ಅವು ಅರಳುವುದು ಸಂಜೆ ಹೊತ್ತಿಗೆ. ಬೆಳಗ್ಗಿನ ಜೇನು ಅವುಗಳಿಗೆ ಅಷ್ಟಾಗಿ ದಕ್ಕುವುದಿಲ್ಲ, ಸಂಜೆ ಹಾರಾಡುವ ಪತಂಗಗಳೇ ಬೇಕು.

ಜೇನು, ದುಂಬಿ ಕಡಿಮೆ ಇರುವ ಕಡೆ ನಾವೇ ಈ ಕೆಲಸ ಮಾಡಬಹುದು. ಆಗ ತಾನೇ ಅರಳಿದ ಗಂಡು ಹೂವು ಕಿತ್ತು, ಎಸಳು ತೆಗೆದು, ನಡುವಿನ ಹುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಬೇಕು. ಒಂದು ಗಂಡು ಹೂವು ಎರಡು ಮೂರು ಹೆಣ್ಣು ಹೂವಿಗೆ ಸಾಕು. ಸಿಹಿಗುಂಬಳಕ್ಕೆ ಬೆಳಗ್ಗೆ ಎಂಟು ಗಂಟೆಯೊಳಗೆ ಮುಗಿಸಿ, ಹೀರೆಗೆ ಸಂಜೆ ಹೂವು ಬಿರಿದ ಮೇಲೆ. ಕೈ ಒದ್ದೆ ಇರಬಾರದು. ಹೂವಿಗೆ ನೀರು ಚಿಮುಕಿಸದೆ ಬುಡಕ್ಕೆ ಮಾತ್ರ ಹಾಕಿ. ಪಲ್ಯಕ್ಕೆಂದು ಗಂಡು ಹೂವನ್ನೆಲ್ಲ ಕುಯ್ಯುವ ಅಭ್ಯಾಸವಿದ್ದರೆ ನಾಲ್ಕಾರನ್ನು ಬಳ್ಳಿಯಲ್ಲೇ ಉಳಿಸಿ. ಹೊಸ ಬಳ್ಳಿಯಲ್ಲಿ ಮೊದಮೊದಲು ಬರುವುದು ಬರೀ ಗಂಡು ಹೂವೇ. ಅವು ಉದುರಿದರೆ ಹೆದರಬೇಕಾಗಿಲ್ಲ.

ಔಷಧಿ ಹೊಡೆಯಲೇಬೇಕಾದರೆ ಹೂವು ಅರಳಿರುವ ಹೊತ್ತಿನಲ್ಲಿ ಬೇಡ, ಜೇನೂ ಸಾಯುತ್ತದೆ.

ಸಭೆಯಲ್ಲಿ ಚರ್ಚಿಸಿ: ನಿಮ್ಮ ಚಪ್ಪರದಲ್ಲಿ ಯಾವ ಬಳ್ಳಿ ಯಾವ ಹೊತ್ತಿಗೆ ಅರಳುತ್ತದೆ? ಈ ವಾರ ಐದು ಹೆಣ್ಣು ಹೂವಿಗೆ ಹುಡಿ ಮುಟ್ಟಿಸಿ, ನೂಲು ಕಟ್ಟಿ ಗುರುತು ಮಾಡಿ. ಎಷ್ಟು ಕಾಯಿ ನಿಂತಿತೆಂದು ಮುಂದಿನ ಸಭೆಯಲ್ಲಿ ಎಣಿಸಿ ಹೇಳಿ.