ಕಪ್ಪು ಶಾಯಿಯೊಳಗೆ ಎಷ್ಟು ಬಣ್ಣ?

ಐದನೇ ತರಗತಿಯಲ್ಲಿರುವ ನನ್ನ ತಮ್ಮನ ನೋಟ್‌ಬುಕ್ ಮೇಲೆ ಒಂದು ದಿನ ನೀರು ಚೆಲ್ಲಿತು. ಕಪ್ಪು ಸ್ಕೆಚ್ ಪೆನ್ನಿನ ಅಕ್ಷರಗಳು ಹರಡಿ, ಅಂಚಿನಲ್ಲಿ ನೀಲಿ ಕಾಣಿಸಿತು. "ಆಪಾ, ಕಪ್ಪಿನಲ್ಲಿ ನೀಲಿ ಎಲ್ಲಿಂದ ಬಂತು?" ಎಂದು ಕೇಳಿದ. "ನಾನು ಕಾಮರ್ಸ್, ನನಗೇನು ಗೊತ್ತು?" ಎಂದುಬಿಟ್ಟೆ. ಆಮೇಲೆ ಎರಡು ದಿನ ಅವನು ನನ್ನನ್ನು ಏನೂ ಕೇಳಲಿಲ್ಲ. ಉರ್ದು ಮಾತಾಡುವ ನಮ್ಮ ಮನೆಯಲ್ಲಿ ಅವನಿಗೆ ಕನ್ನಡ ಪಾಠ ಬಿಡಿಸಿ ಹೇಳುವವಳು ನಾನೊಬ್ಬಳೇ. ಮನಸ್ಸು ತಡೆಯದೆ ನಮ್ಮ ಕೆಮಿಸ್ಟ್ರಿ ಮೇಡಂ ಬಳಿ ಹೋದೆ. ಅವರು ತೋರಿಸಿದ್ದನ್ನು ತಮ್ಮನಿಗೆ ಹೇಳಿದಂತೆಯೇ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯ ಚಿಕ್ಕವರಿಗೂ ಓದಿ ಹೇಳಿ.

ಈದ್‌ಗೆ ಮುಂಚೆ ನಾವೆಲ್ಲ ಒಟ್ಟಿಗೇ ಬಜಾರ್ ಒಳಗೆ ಹೋಗುತ್ತೇವೆ. ಜನಸಂದಣಿ ಎಲ್ಲರನ್ನೂ ಮುಂದಕ್ಕೆ ತಳ್ಳುತ್ತದೆ. ಅಮ್ಮಿ ಪ್ರತಿ ಬಳೆ ಅಂಗಡಿಯ ಮುಂದೆ ನಿಲ್ಲುತ್ತಾರೆ. ಅಬ್ಬಾ ಎಲ್ಲೂ ನಿಲ್ಲುವುದಿಲ್ಲ. ಅರ್ಧ ಗಂಟೆಯಲ್ಲಿ ಅಬ್ಬಾ ಆ ತುದಿಯಲ್ಲಿ, ಅಮ್ಮಿ ಈ ತುದಿಯಲ್ಲಿ!

ತೆಳುಪದರ ಕ್ರೊಮ್ಯಾಟೋಗ್ರಫಿಯಲ್ಲಿ ನಡೆಯುವುದೂ ಇದೇ. ಗಾಜು ಅಥವಾ ಅಲ್ಯೂಮಿನಿಯಂ ಹಾಳೆಯ ಮೇಲೆ ಸಿಲಿಕಾ ಜೆಲ್ ಎಂಬ ಬಿಳಿ ಪುಡಿಯನ್ನು ತೆಳುವಾಗಿ ಹಚ್ಚಿರುತ್ತಾರೆ. ಅದೇ ಬಜಾರಿನ ಅಂಗಡಿಸಾಲು. ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದು, ಅದರ ಮೇಲೆ ಮಿಶ್ರಣದ ಸಣ್ಣ ಚುಕ್ಕಿ ಇಡಬೇಕು. ಪೆನ್ಸಿಲ್ಲೇ ಏಕೆ? ಅದರ ಗೆರೆ ದ್ರವದಲ್ಲಿ ಕರಗಿ ಹರಿಯುವುದಿಲ್ಲ. ನಂತರ ಸ್ವಲ್ಪ ದ್ರವವಿರುವ ಪಾತ್ರೆಯಲ್ಲಿ ಹಾಳೆಯನ್ನು ನಿಲ್ಲಿಸಿ ಮುಚ್ಚಬೇಕು. ಚುಕ್ಕಿ ದ್ರವದಲ್ಲಿ ಮುಳುಗಬಾರದು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ದ್ರವ ಮೇಲೇರುತ್ತದೆ. ಪುಡಿಗೆ ಹೆಚ್ಚು ಅಂಟುವ ಪದಾರ್ಥ ಹಿಂದೆ ಉಳಿಯುತ್ತದೆ. ದ್ರವದ ಜೊತೆ ಹೆಚ್ಚು ಬೆರೆಯುವುದು ಮುಂದೆ ಹೋಗುತ್ತದೆ.

ಇಲ್ಲಿ ನಮ್ಮ ಕಾಮರ್ಸ್‌ನವರಿಗೂ ಕೆಲಸವಿದೆ. ಗೆರೆಯಿಂದ ದ್ರವ 6 ಸೆಂ.ಮೀ. ಏರಿ, ಒಂದು ಬಣ್ಣ 3 ಸೆಂ.ಮೀ. ಏರಿದ್ದರೆ ಅನುಪಾತ 3 ಭಾಗಿಸು 6, ಅಂದರೆ 0.5. ಗೊತ್ತಿರುವ ಬಣ್ಣದ ಚುಕ್ಕಿಯನ್ನು ಅದೇ ಹಾಳೆಯಲ್ಲಿ ಪಕ್ಕಕ್ಕೇ ಇಟ್ಟು ಹೋಲಿಸಬಹುದು. ತಿಂಡಿಯಲ್ಲಿರುವ ಕೃತಕ ಬಣ್ಣಗಳನ್ನು ಗುರುತಿಸಲೂ ಪ್ರಯೋಗಾಲಯಗಳಲ್ಲಿ ಈ ವಿಧಾನ ಬಳಸುತ್ತಾರೆ.

ಇದರ ಮೂಲ ಉಪಾಯ ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಅವರದು. ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿ ತುಂಬಿ, ಎಲೆಯ ಬಣ್ಣಗಳನ್ನು ಬೇರ್ಪಡಿಸಿದ ಅವರು 1906ರಲ್ಲಿ ಆ ವಿಧಾನಕ್ಕೆ ಕ್ರೊಮ್ಯಾಟೋಗ್ರಫಿ ಎಂಬ ಹೆಸರು ಕೊಟ್ಟರು.

ಮನೆಯಲ್ಲಿ ನಮಗೆ ಚಾಕ್‌ಪೀಸ್ ಸಾಕಾಯಿತು. ಬುಡದಿಂದ ಒಂದು ಸೆಂ.ಮೀ. ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಸುತ್ತಲೂ ಗೆರೆ ಎಳೆದು, ತಟ್ಟೆಯಲ್ಲಿ ಅರ್ಧ ಸೆಂ.ಮೀ. ನೀರು ಹಾಕಿ ನಿಲ್ಲಿಸಿದೆವು. ಸ್ವಲ್ಪ ಹೊತ್ತಿಗೆ ಕಪ್ಪು ಬಿಚ್ಚಿಕೊಂಡು ಬೇರೆ ಬೇರೆ ಬಣ್ಣವಾಯಿತು. ತಮ್ಮ ಕುಣಿದಾಡಿದ. ತಕ್ಷಣ ಬಾಲ್‌ಪೆನ್ನಿನಿಂದಲೂ ಗೆರೆ ಎಳೆದ. ಅದು ಅಲುಗಲೇ ಇಲ್ಲ. "ಇದೇಕೆ ಹೋಗಲಿಲ್ಲ, ಆಪಾ?"

ಈ ಸಲ "ನಾಳೆ ಕೇಳಿ ಬರುತ್ತೇನೆ" ಎಂದೆ. ಕೇಳಿಯೂ ಬಂದೆ: ಬಾಲ್‌ಪೆನ್ನಿನ ಶಾಯಿ ಎಣ್ಣೆಯಂಥದ್ದು, ನೀರಿನಲ್ಲಿ ಕರಗುವುದಿಲ್ಲ. ಕರಗದಿದ್ದರೆ ನೀರಿನ ಜೊತೆ ಹೋಗುವುದು ಹೇಗೆ?