ಬೆಕ್ಕು ಯಾಕೆ ಸತ್ತಿತು ಎಂದು ಮಗು ಕೇಳಿದಾಗ

ಬೆಕ್ಕಿನ ಕಾಯಿಲೆಯಲ್ಲಿ ಮನೆಯವರನ್ನು ದಿಕ್ಕೆಡಿಸುವುದು ಅದರ ವೇಗ. ನಿನ್ನೆ ಸಂಜೆ ಕಿಟಕಿಯಲ್ಲಿ ಕೂತು ಪಾರಿವಾಳ ನೋಡುತ್ತಿದ್ದದ್ದು ಇವತ್ತು ಮಂಚದ ಕೆಳಗೆ ಮುದುಡಿ ಮಲಗಿರುತ್ತದೆ, ನಾಳೆಯ ಹೊತ್ತಿಗೆ ಇರುವುದೇ ಇಲ್ಲ. ದೊಡ್ಡವರಿಗೇ ನಂಬಲಾಗದ್ದನ್ನು ಏಳು ವರ್ಷದ ಮಗುವಿಗೆ ಹೇಗೆ ಹೇಳುವುದು? ಪಶುವೈದ್ಯೆಯಾದ ನನ್ನನ್ನು ತಂದೆತಾಯಂದಿರು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ನಾನು ಹೇಳುವುದಿಷ್ಟೆ: ಬೆಕ್ಕಿಗೆ ಏನಾಯಿತು ಎಂದು ಮೊದಲು ನೀವು ಸರಿಯಾಗಿ ತಿಳಿದುಕೊಳ್ಳಿ, ಆಮೇಲೆ ಅದನ್ನೇ ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಯಾರೂ ಕಾರಣ ಹೇಳದಿದ್ದರೆ ಮಗು ತಾನಾಗಿ ಒಂದು ಕಾರಣ ಹುಡುಕಿಕೊಳ್ಳುತ್ತದೆ. ಹಾಗೆ ಹುಡುಕುವಾಗ ಅದು ಬೊಟ್ಟು ಮಾಡುವುದು ಬಹಳ ಸಲ ತನ್ನ ಕಡೆಗೇ. ನಾನು ಬಾಲ ಎಳೆದಿದ್ದೆ, ಅದಕ್ಕೆ ಸತ್ತಿತು. ಹಾಲು ಹಾಕುವುದನ್ನು ಮರೆತಿದ್ದೆ, ಅದಕ್ಕೆ ಸತ್ತಿತು.

ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಅದು ಬೇಟೆಯಾಡುತ್ತದೆ, ತನಗಿಂತ ದೊಡ್ಡ ಪ್ರಾಣಿಗೆ ಬೇಟೆಯೂ ಆಗುತ್ತದೆ. ಸೋತಂತೆ ಕಾಣಿಸಿಕೊಳ್ಳುವುದು ಅದರ ಜಾಯಮಾನದಲ್ಲಿಲ್ಲ. ಮೈ ಸರಿಯಿಲ್ಲದ ನಾಯಿ ಕುಂಯ್‌ಗುಡುತ್ತಾ ನಿಮ್ಮ ಹತ್ತಿರ ಬಂದೀತು, ಬೆಕ್ಕು ಅಟ್ಟ ಸೇರುತ್ತದೆ. ಹಾಗಾಗಿ ನಾವು ‘ಇದ್ದಕ್ಕಿದ್ದ ಹಾಗೆ’ ಎನ್ನುವ ಕಾಯಿಲೆ ಎಷ್ಟೋ ಸಲ ತಿಂಗಳುಗಳಿಂದ ಒಳಗೊಳಗೇ ಬೆಳೆದಿರುತ್ತದೆ. ಇದನ್ನು ಮಗುವಿಗೆ ಹೇಳಿ: ‘ಅದಕ್ಕೆ ಹೊಟ್ಟೆಯೊಳಗೆ ನೋವಿತ್ತು, ನಮಗ್ಯಾರಿಗೂ ತೋರಿಸಲೇ ಇಲ್ಲ.’ ನೀವೂ ಇದನ್ನು ನಂಬಬೇಕು. ಗಮನಿಸದೆ ಹೋದೆವಲ್ಲಾ ಎಂದು ಕೊರಗುವ ಅಪ್ಪಅಮ್ಮಂದಿರನ್ನು ನಾನು ನೋಡುತ್ತಲೇ ಇರುತ್ತೇನೆ.

ನಮ್ಮಲ್ಲಿಗೆ ಇಂಥ ಸ್ಥಿತಿಯಲ್ಲಿ ಬರುವ ಬೆಕ್ಕುಗಳ ಕಾಯಿಲೆಗಳಲ್ಲಿ ಕೆಲವನ್ನು ವಿವರಿಸುತ್ತೇನೆ. ಗಂಡು ಬೆಕ್ಕಿನ ಮೂತ್ರನಾಳ ತುಂಬ ಕಿರಿದು. ಹರಳಿನ ಪುಡಿ ಮತ್ತು ಲೋಳೆ ಸೇರಿ ಅಲ್ಲಿ ಕಟ್ಟಿಕೊಂಡರೆ ಮೂತ್ರ ನಿಂತೇಹೋಗುತ್ತದೆ. ಬೆಕ್ಕು ಮತ್ತೆ ಮತ್ತೆ ಮಣ್ಣಿಗೋ ಮರಳಿನ ತಟ್ಟೆಗೋ ಹೋಗಿ ತಿಣುಕುತ್ತದೆ. ಮಲಬದ್ಧತೆ ಇರಬೇಕು, ನಾಳೆ ನೋಡೋಣ ಎಂದು ಮನೆಯವರು ಕಾಯುತ್ತಾರೆ. ಅಷ್ಟರಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪುತ್ತದೆ. ಪೂರ್ತಿ ಕಟ್ಟಿಕೊಂಡಾಗ ಚಿಕಿತ್ಸೆ ಸಿಗದಿದ್ದರೆ ಎರಡು ಮೂರು ದಿನದಲ್ಲಿ ಸಾವು. ಗಂಡು ಬೆಕ್ಕು ತಿಣುಕುತ್ತಿದ್ದು ಮೂತ್ರ ಕಾಣದಿದ್ದರೆ ರಾತ್ರಿಯಾದರೂ ವೈದ್ಯರ ಬಳಿ ಒಯ್ಯಬೇಕು.

ಇನ್ನೊಂದು, ನೋಡುವವರನ್ನು ಕಂಗೆಡಿಸುವಂಥದ್ದು. ಚೆನ್ನಾಗಿಯೇ ಇದ್ದ ಬೆಕ್ಕು ಒಮ್ಮೆಲೇ ಕಿರುಚಿ ಹಿಂಗಾಲು ಎಳೆಯತೊಡಗುತ್ತದೆ, ಪಾದಗಳು ತಣ್ಣಗಾಗುತ್ತವೆ. ಹಾವು ಕಚ್ಚಿತೆ, ಪಕ್ಕದ ಮನೆಯವರು ಹೊಡೆದರೆ, ಬಾಗಿಲಿಗೆ ಸಿಕ್ಕಿಸಿದ್ದು ಯಾರು ಎಂದು ಮನೆಯಲ್ಲಿ ವಿಚಾರಣೆ ಶುರುವಾಗುತ್ತದೆ. ಬಹುಪಾಲು ಆಗಿರುವುದೇ ಬೇರೆ. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ಸದ್ದಿಲ್ಲದೆ ಇದ್ದು, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಹಾಧಮನಿಯಲ್ಲಿ ಸಾಗಿಬಂದು ಹಿಂಗಾಲುಗಳಿಗೆ ಕವಲೊಡೆಯುವ ಜಾಗದಲ್ಲಿ ಸಿಕ್ಕಿಕೊಂಡಿರುತ್ತದೆ. ಎಷ್ಟೋ ಬೆಕ್ಕುಗಳಲ್ಲಿ ಹೃದಯ ಕೆಟ್ಟಿದೆ ಎಂಬುದಕ್ಕೆ ಮೊದಲ ಸುಳಿವೇ ಇದು. ಆ ವಿಚಾರಣೆಯ ಹೊತ್ತಿನಲ್ಲಿ ಮೂಲೆಯಲ್ಲಿ ನಿಂತ ಮಗುವಿನ ಮುಖ ನೋಡಿ. ಅದು ತನ್ನ ನಿನ್ನೆಯ ಆಟಗಳನ್ನೆಲ್ಲ ಒಂದೊಂದಾಗಿ ನೆನೆದುಕೊಳ್ಳುತ್ತಿರುತ್ತದೆ.

ಮರಿಗಳಿಗೆ ಎರಗುವುದು ಪ್ಯಾನ್‌ಲ್ಯೂಕೋಪೀನಿಯಾ, ಬೆಕ್ಕಿನ ಪಾರ್ವೊ ವೈರಸ್. ಕರುಳು ಮತ್ತು ಅಸ್ಥಿಮಜ್ಜೆಯನ್ನು ಹಾಳುಮಾಡಿ, ಬಿಳಿ ರಕ್ತಕಣಗಳನ್ನು ಇಳಿಸಿ, ವಾಂತಿಭೇದಿಯಲ್ಲಿ ಮರಿಯನ್ನು ಸೋಲಿಸುತ್ತದೆ. ಮನುಷ್ಯರಿಗೆ ತಗಲುವುದಿಲ್ಲ. ಇದಕ್ಕೆ ಲಸಿಕೆಯಿದೆ.

ಎಲ್ಲಕ್ಕಿಂತ ಕಷ್ಟದ ಪ್ರಸಂಗ ಬೇರೆ. ಮನೆಯವರ ಕೈಯಿಂದಲೇ ಏನೋ ಆಗಿಹೋಗಿರುತ್ತದೆ. ಬೆಕ್ಕಿಗೆ ಮೈ ಬಿಸಿಯಿದೆ ಎಂದು ಯಾರೋ ಪ್ಯಾರಾಸಿಟಮಾಲ್ ಮಾತ್ರೆ ಪುಡಿಮಾಡಿ ಹಾಲಿಗೆ ಬೆರೆಸಿರುತ್ತಾರೆ. ಆ ಔಷಧಿಯನ್ನು ನಿರ್ವಿಷಗೊಳಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಾವು ಜ್ವರಕ್ಕೆ ನುಂಗುವ 500 ಮಿಲಿಗ್ರಾಂನ ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು. ಮಾತ್ರೆ ಕೊಟ್ಟವರು ದೊಡ್ಡವರಾದರೆ ಅವರೇ ಮಗುವಿಗೆ ಹೇಳಬೇಕು: ‘ನಮಗೆ ಒಳ್ಳೆಯದಾಗುವ ಔಷಧಿ ಬೆಕ್ಕಿಗೆ ವಿಷ ಎಂದು ನನಗೆ ಗೊತ್ತಿರಲಿಲ್ಲ. ನನಗೂ ತುಂಬ ಬೇಜಾರಾಗಿದೆ.’

ಕೊಟ್ಟದ್ದು ಮಗುವೇ ಆಗಿದ್ದರೆ? ಮಗು ಗೇಟು ತೆಗೆದಿಟ್ಟಿದ್ದಕ್ಕೇ ಬೆಕ್ಕು ರಸ್ತೆಗೆ ಹೋಗಿದ್ದರೆ? ‘ಅದರಿಂದ ಏನೂ ಆಗಿಲ್ಲ’ ಎಂಬ ಸುಳ್ಳು ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಮಗುವಿಗೆ ನಿಜ ಗೊತ್ತು. ನಿಮ್ಮ ಸುಳ್ಳಿನ ಜೊತೆ ಅದು ಒಂಟಿಯಾಗುತ್ತದೆ. ಆದದ್ದನ್ನು ಒಪ್ಪಿಕೊಂಡು, ಅದರ ಭಾರವನ್ನು ಹೊರಬೇಕಾದವರು ಹೊರಬೇಕು: ‘ಹೌದು, ಗೇಟು ತೆಗೆದಿತ್ತು. ನಿನಗೆ ಅದನ್ನು ಸಾಯಿಸಬೇಕೆಂದಿರಲಿಲ್ಲ. ಗೇಟು ನೋಡಿಕೊಳ್ಳುವುದು ದೊಡ್ಡವರ ಕೆಲಸವಾಗಿತ್ತು.’ ಇದನ್ನು ಒಂದು ಸಲ ಹೇಳಿದರೆ ಸಾಲದು. ವಾರದ ಮೇಲೆ, ತಿಂಗಳ ಮೇಲೆ ಮಗು ಮತ್ತೆ ಕೇಳಿದಾಗಲೂ ಅದೇ ಮಾತನ್ನು ಅದೇ ತಾಳ್ಮೆಯಿಂದ ಹೇಳಬೇಕು.

ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮುಳ್ಳು ಸೇರಿಕೊಳ್ಳುತ್ತದೆ. ಬೆಕ್ಕನ್ನು ಕೊಂದ ಪಾಪ ಸುಲಭಕ್ಕೆ ಕಳೆಯುವುದಿಲ್ಲ, ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂಬ ಹಳೆಯ ಮಾತನ್ನು ಬಂದವರು ಯಾರಾದರೂ ಜಗಲಿಯಲ್ಲಿ ಕೂತು ಆಡಿಬಿಡುತ್ತಾರೆ. ಅವರು ಆಡಿ ಮರೆಯುತ್ತಾರೆ. ಮೊದಲೇ ತನ್ನನ್ನು ಅನುಮಾನಿಸುತ್ತಿರುವ ಮಗು ಮರೆಯುವುದಿಲ್ಲ. ಅಜ್ಜಅಜ್ಜಿಯರಿಗೆ ಮೊದಲೇ ಮೆಲ್ಲಗೆ ಸೂಚಿಸಿಡಿ. ಹಿರಿಯರೇ ಕೂರಿಸಿಕೊಂಡು ‘ಕಾಯಿಲೆಯಿಂದ ಸತ್ತದ್ದು ಕಂದಾ, ಯಾರ ಪಾಪವೂ ಅಲ್ಲ’ ಎಂದರೆ, ವೈದ್ಯರು ಹೇಳುವುದಕ್ಕಿಂತ ಅದು ಹೆಚ್ಚು ನಾಟುತ್ತದೆ.

ಹೇಳುವಾಗ ‘ಸತ್ತುಹೋಯಿತು’ ಎಂದೇ ಹೇಳಿ. ಕಠಿಣ ಅನಿಸಬಹುದು. ಆದರೆ ‘ಊರಿಗೆ ಹೋಗಿದೆ’ ಎಂದರೆ ಮಗು ದಿನವೂ ಬಾಗಿಲಲ್ಲಿ ಕಾಯುತ್ತದೆ, ‘ಓಡಿಹೋಯಿತು’ ಎಂದರೆ ತನ್ನನ್ನು ಬಿಟ್ಟುಹೋಯಿತಲ್ಲಾ ಎಂದು ನೊಂದುಕೊಳ್ಳುತ್ತದೆ, ‘ಮಲಗಿಬಿಟ್ಟಿದೆ’ ಎಂದರೆ ತಾನು ಮಲಗಲು ಹೆದರುತ್ತದೆ. ದೇವರ ಹತ್ತಿರ ಹೋಯಿತು ಎನ್ನುವುದು ನಿಮ್ಮ ನಂಬಿಕೆಯಾಗಿದ್ದರೆ ಹೇಳಿ, ಆದರೆ ಸತ್ತ ವಿಷಯ ತಿಳಿಸಿದ ಮೇಲೆ. ಜೊತೆಗೆ ಸಾವು ಎಂದರೇನು ಎಂದೂ ಹೇಳಬೇಕಾಗುತ್ತದೆ: ಅದರ ಮೈ ಕೆಲಸ ನಿಲ್ಲಿಸಿದೆ, ಉಸಿರಾಡುವುದಿಲ್ಲ, ಹಸಿವಾಗುವುದಿಲ್ಲ, ನೋವಾಗುವುದಿಲ್ಲ, ಮತ್ತೆ ಏಳುವುದಿಲ್ಲ.

ಬುಡಾಪೆಸ್ಟಿನ ಮಕ್ಕಳೊಂದಿಗೆ ಮಾತಾಡಿ ಮನಶ್ಶಾಸ್ತ್ರಜ್ಞೆ ಮರಿಯಾ ನಾಡ್ಯ್ 1948ರಲ್ಲಿ ಪ್ರಕಟಿಸಿದ ಅಧ್ಯಯನ ಇವತ್ತಿಗೂ ಉಪಯುಕ್ತ. ಐದರೊಳಗಿನ ಮಕ್ಕಳಿಗೆ ಸಾವು ಒಂದು ಪ್ರಯಾಣದಂತೆ, ಹೋದವರು ಬರಬಹುದು. ಐದರಿಂದ ಒಂಬತ್ತರ ನಡುವೆ ಸಾವನ್ನು ಬಂದು ಎತ್ತಿಕೊಂಡು ಹೋಗುವ ಯಾರೋ ಎಂಬಂತೆ ಕಲ್ಪಿಸಿಕೊಂಡ ಮಕ್ಕಳಿದ್ದರು. ಒಂಬತ್ತು ದಾಟಿದ ಮೇಲೆ ಅದು ಎಲ್ಲರಿಗೂ ಬರುವಂಥದ್ದು ಎಂಬ ಅರಿವು. ನಂತರದ ಸಂಶೋಧಕರು ಈ ವಯಸ್ಸಿನ ಗೆರೆಗಳನ್ನು ಸಡಿಲಿಸಿದ್ದಾರೆ. ಸಾವನ್ನು ಹತ್ತಿರದಿಂದ ಕಂಡ, ಸ್ಪಷ್ಟವಾಗಿ ಕೇಳಿ ತಿಳಿದ ಮಗು ಬೇಗ ಅರ್ಥಮಾಡಿಕೊಳ್ಳುತ್ತದೆ. ನಾಲ್ಕರ ಮಗು ಒಂದು ಕ್ಷಣ ಅತ್ತು, ಮರುಕ್ಷಣ ಆಟಕ್ಕೆ ಓಡಿದರೆ ಅದಕ್ಕೆ ಕಲ್ಲು ಮನಸ್ಸೆಂದಲ್ಲ. ಚಿಕ್ಕ ಮಕ್ಕಳು ದುಃಖವನ್ನು ತುಣುಕು ತುಣುಕಾಗಿಯೇ ಪಡುತ್ತಾರೆ. ‘ಅಮ್ಮಾ, ನೀನೂ ಸಾಯ್ತೀಯಾ?’ ಎಂದು ಕೇಳಿದರೆ ಬಾಯಿ ಮುಚ್ಚಿಸಬೇಡಿ. ‘ಎಲ್ಲರೂ ಒಂದು ದಿನ ಸಾಯುತ್ತಾರೆ. ನಾನು ಈಗ ಚೆನ್ನಾಗಿದ್ದೇನೆ, ತುಂಬ ವರ್ಷ ನಿನ್ನ ಜೊತೆ ಇರುತ್ತೇನೆ ಅಂದುಕೊಂಡಿದ್ದೇನೆ’ ಎಂದರೆ ಸಾಕು.

ಗುಣವಾಗದ ಬೆಕ್ಕಿಗೆ ದಯಾಮರಣ ಕೊಡುವ ತೀರ್ಮಾನವಾದರೆ ಮಗುವಿಗೆ ಮೊದಲೇ ಹೇಳಿ, ಕೊನೆಯ ಸಲ ಮುಟ್ಟಲು, ಮಾತಾಡಿಸಲು ಬಿಡಿ. ಅರಿವಳಿಕೆಯ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತೇವೆ, ಬೆಕ್ಕಿಗೆ ಮೊದಲು ಪ್ರಜ್ಞೆ ತಪ್ಪುತ್ತದೆ, ನಿಮಿಷಗಳಲ್ಲಿ ಹೃದಯ ನಿಲ್ಲುತ್ತದೆ. ‘ನಿದ್ದೆ ಮಾಡಿಸುತ್ತಾರೆ’ ಎಂಬ ಮಾತು ಇಲ್ಲಿ ಬೇಡವೇ ಬೇಡ. ಮುಂದೆ ಆ ಮಗುವಿಗೇ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡಬೇಕಾಗಿ ಬಂದೀತು. ತೀರ್ಮಾನವನ್ನು ಮಗುವಿನ ಮೇಲೆ ಹಾಕಬೇಡಿ. ಅದು ನಿಮ್ಮದು ಮತ್ತು ವೈದ್ಯರದು.

ಮಣ್ಣು ಮಾಡುವಾಗ ಮಗು ಬರುತ್ತೇನೆಂದರೆ ಕರೆದುಕೊಂಡು ಹೋಗಿ, ಒಲ್ಲೆನೆಂದರೆ ಒತ್ತಾಯ ಬೇಡ. ಹಿತ್ತಿಲಿದ್ದವರು ಬಾವಿಯಿಂದ ದೂರ, ನಾಯಿಗಳು ಕೆದರದಷ್ಟು ಆಳದ ಗುಂಡಿ ತೆಗೆಯಬೇಕು. ಅಪಾರ್ಟ್‌ಮೆಂಟಿನವರು ಪಶುವೈದ್ಯರನ್ನು ಕೇಳಿ. ಬೆಂಗಳೂರಿನ ಕೆಂಗೇರಿಯಲ್ಲಿ ಪೀಪಲ್ ಫಾರ್ ಆನಿಮಲ್ಸ್ ಸಂಸ್ಥೆಯ ಸಾಕುಪ್ರಾಣಿಗಳ ಸ್ಮಶಾನವಿದೆ. ಹೂವಿಡುವುದೋ, ಚಿತ್ರ ಬರೆದಿಡುವುದೋ ಮಗುವಿನ ಇಷ್ಟ.

ಒಂದು ಎಚ್ಚರಿಕೆಯನ್ನು ದುಃಖದ ನಡುವೆಯೂ ಮರೆಯಬಾರದು. ಸಾಯುವ ಮುನ್ನ ಬೆಕ್ಕು ವಿಚಿತ್ರವಾಗಿ ಆಡಿದ್ದರೆ, ಜೊಲ್ಲು ಸುರಿಸಿದ್ದರೆ, ಕಾರಣವಿಲ್ಲದೆ ಮೈಮೇಲೆ ಎರಗಿದ್ದರೆ ರೇಬೀಸ್ ಇರಬಹುದು. ಕಚ್ಚಿದ, ಪರಚಿದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಿ. ಬೈಯುತ್ತಾರೆಂಬ ಭಯಕ್ಕೆ ಮಕ್ಕಳು ಪರಚಿದ್ದನ್ನು ಮುಚ್ಚಿಡುತ್ತಾರೆ. ಕೇಳಿ, ಮೈಕೈ ನೋಡಿ.

ನಿಮಗೆ ಅಳು ಬಂದರೆ ಮಗುವಿನ ಎದುರೇ ಅಳಿ, ಯಾಕೆಂದು ಹೇಳಿ. ತರಗತಿಯ ಶಿಕ್ಷಕಿಗೆ ಒಂದು ಮಾತು ತಿಳಿಸಿಡಿ. ‘ಒಂದು ಬೆಕ್ಕಿಗೆ ಇಷ್ಟೊಂದಾ?’ ಎನ್ನುವವರಿಂದ ಮಗುವನ್ನು ಸ್ವಲ್ಪ ದಿನ ದೂರವಿಡಿ. ರಾತ್ರಿ ಹೆದರುವುದು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಊಟ ಸೇರದಿರುವುದು ಕೆಲವು ದಿನ ಸಹಜ. ವಾರಗಳು ಕಳೆದರೂ ಅದು ಕಡಿಮೆಯಾಗದಿದ್ದರೆ, ಶಾಲೆ ಬೇಡವೆಂದರೆ, ತಾನೂ ಸಾಯಬೇಕೆಂದರೆ ತಡಮಾಡದೆ ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮಗುವಿನ ಅಳು ನಿಲ್ಲಿಸಲು ಮರುವಾರವೇ ಹೊಸ ಮರಿ ತರುವವರಿದ್ದಾರೆ. ಒಂದು ಹೋದರೆ ಇನ್ನೊಂದು ತಂದರಾಯಿತು ಎಂಬ ಪಾಠ ಅದರಿಂದ ಮಗುವಿಗೆ ಹೋಗುತ್ತದೆ. ಹಳೆಯದರಂತೆ ಆಡದ ಆ ಬಡಪಾಯಿ ಮರಿಗೂ ಅನ್ಯಾಯ. ಮಗು ತಾನಾಗಿ ಕೇಳುವವರೆಗೆ ಕಾಯಿರಿ. ಹಳೆಯ ಬೆಕ್ಕು ಪ್ಯಾನ್‌ಲ್ಯೂಕೋಪೀನಿಯಾದಿಂದ ಸತ್ತಿದ್ದರಂತೂ ಕಾಯಲೇಬೇಕು: ಆ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಉಳಿಯಬಲ್ಲದು. ಹಳೆಯ ಹಾಸಿಗೆ, ಮರಳಿನ ತಟ್ಟೆಗಳನ್ನು ವಿಲೇವಾರಿ ಮಾಡಿ, ನೆಲವನ್ನು ಮೊದಲು ಸೋಪಿನಿಂದ ತೊಳೆದು, ಆಮೇಲೆ 32 ಪಾಲು ನೀರಿಗೆ ಒಂದು ಪಾಲು ಬ್ಲೀಚ್ ದ್ರಾವಣ ಬೆರೆಸಿ ಒರೆಸಿ, ಹತ್ತು ನಿಮಿಷ ಹಾಗೇ ಬಿಡಿ. ತರುವ ಮರಿಗೆ ಆರರಿಂದ ಎಂಟು ವಾರದಲ್ಲಿ ಶುರುವಾಗುವ ಲಸಿಕೆಯ ಸರಣಿ ಮುಗಿದಿರಲಿ. ಕೊನೆಯ ಡೋಸ್ ಹದಿನಾರು ವಾರ ತುಂಬಿದ ಮೇಲೆ ಬೀಳಬೇಕು.