ಹಿತ್ತಲು ಕೊಂಚ ಕಾಡಾಗಿದ್ದರೆ ಕೆಡುಕೇನು?

ಬೆಳಗಿನ ಹೊತ್ತು ಕೃಷ್ಣರಾಜ ಮಾರುಕಟ್ಟೆಗೆ ಹೋದಾಗ ಸೊಪ್ಪು ಮಾರುವವರ ಮುಂದೆ ಒಂದು ಗಳಿಗೆ ನಿಂತು ನೋಡಿ. ದಂಟು, ಮೆಂತ್ಯ, ಸಬ್ಬಸಿಗೆಯ ಕಟ್ಟುಗಳ ಜೊತೆಗೆ ಒಂದೆಲಗ, ದೊಡ್ಡಪತ್ರೆ, ಗಣಿಕೆ, ಹೊನಗೊನ್ನೆ, ಬಸಳೆ, ನುಗ್ಗೆ ಸೊಪ್ಪುಗಳೂ ಕಾಣಸಿಗುತ್ತವೆ. ಹಬ್ಬದ ದಿನಗಳಲ್ಲಿ ಗರಿಕೆ, ತುಂಬೆ ಹೂವು, ಬಿಲ್ವಪತ್ರೆಗಳಿಗೂ ದುಡ್ಡು ಕೊಡಬೇಕು. ಇವುಗಳಲ್ಲಿ ಹೆಚ್ಚಿನವು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳ ಹಿತ್ತಲಲ್ಲಿ ಯಾರೂ ಬಿತ್ತದೆಯೋ, ಒಮ್ಮೆ ನೆಟ್ಟು ಮರೆತದ್ದರಿಂದಲೋ ತಾವಾಗಿ ಬೆಳೆಯುತ್ತಿದ್ದಂಥವು.

ಈಗ ಹಿತ್ತಲು ಉಳಿದಿರುವ ಮನೆಗಳಲ್ಲೂ ಅದಕ್ಕೆ ಸಿಮೆಂಟು ಬಳಿದು, ನಾಲ್ಕು ಕುಂಡಗಳನ್ನು ಸಾಲಾಗಿ ಇಡುವುದು ರೂಢಿಯಾಗಿದೆ. ಗಿಡಗಳು ಒಂದರ ಮೇಲೊಂದು ಬಿದ್ದು ಬೆಳೆದ ಹಿತ್ತಲೆಂದರೆ ಸೊಳ್ಳೆ, ಹಾವು, ಕೊಳಕು ಎಂಬ ಭಯ ಅನೇಕರಿಗೆ. ಈ ಭಯದಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಅಚ್ಚುಕಟ್ಟಿಲ್ಲದ ಹಿತ್ತಲು ಬೇರೆ, ಅಲಕ್ಷ್ಯಕ್ಕೆ ಒಳಗಾದ ಹಿತ್ತಲು ಬೇರೆ. ಮೊದಲನೆಯದು ಆರೋಗ್ಯಕ್ಕೆ ಒಳ್ಳೆಯದು. ಎರಡನೆಯದು ಅಪಾಯಕಾರಿ. ಇವೆರಡರ ನಡುವಿನ ವ್ಯತ್ಯಾಸವನ್ನು ಪ್ರತಿ ಕುಟುಂಬವೂ ತಿಳಿದಿರಬೇಕು.

ಪ್ಲೇಗು ಕಲಿಸಿದ ಪಾಠ

ಈ ಹಿತ್ತಲುಗಳ ಚರಿತ್ರೆಯೇ ಆರೋಗ್ಯದ ಚರಿತ್ರೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಹೆಚ್ಚು ನರಳಿದ್ದು ಗಾಳಿ ಬೆಳಕಿಲ್ಲದೆ ಒತ್ತೊತ್ತಾಗಿ ಮನೆಗಳಿದ್ದ ಹಳೆಯ ಪೇಟೆ. ಚಾಮರಾಜಪೇಟೆ 1892ರ ಹೊತ್ತಿಗೇ ರೂಪುಗೊಂಡಿತ್ತು. ಬಸವನಗುಡಿ ಮತ್ತು ಮಲ್ಲೇಶ್ವರ ಪ್ಲೇಗಿನ ನಂತರ ಬೇಗ ಬೇಗ ಬೆಳೆದವು. ಅಗಲವಾದ ನೇರ ರಸ್ತೆ, ಮನೆಯ ಸುತ್ತ ಬಯಲು, ಹಿಂದೆ ಕಸ ಸಾಗಿಸಲು ಓಣಿ, ಇವೆಲ್ಲ ಆ ಕಾಲದ ನೈರ್ಮಲ್ಯದ ಕ್ರಮಗಳು. ಸುತ್ತಲಿನ ಆ ಬಯಲೇ ಹಿತ್ತಲಾಯಿತು.

ಅಲ್ಲಿ ತೆಂಗು, ನುಗ್ಗೆ, ಕರಿಬೇವು, ಪಾರಿಜಾತ, ದಾಸವಾಳ ಇರುತ್ತಿದ್ದವು. ಬಚ್ಚಲ ನೀರು ಹರಿಯುವ ಕಡೆ ಬಾಳೆ ಮತ್ತು ಕೆಸು, ಚಪ್ಪರದ ಮೇಲೆ ಬಸಳೆ, ಬಾವಿಕಟ್ಟೆಯ ತಂಪಿನಲ್ಲಿ ಒಂದೆಲಗ. ಇಂಗ್ಲೆಂಡಿನ ಹಳ್ಳಿಗಳ ಸಣ್ಣ ಮನೆಗಳ ಮುಂದೆಯೂ ಹೂವು, ತರಕಾರಿ, ಮದ್ದಿನ ಗಿಡಗಳನ್ನು ಹೀಗೆಯೇ ಬೆರೆಸಿ ಬೆಳೆಯುವ ಪದ್ಧತಿ ಇತ್ತು. ‘ಕಾಟೇಜ್ ತೋಟ’ವೆಂದು ಇಂದು ಜಗತ್ತು ಮೆಚ್ಚುವುದು ಅದನ್ನೇ. ನಮ್ಮ ಹಿತ್ತಲು ಅದರ ಸೋದರಿ ಎನ್ನಬಹುದು.

ಮನಸ್ಸಿಗೆ, ಮೈಗೆ

ಹಸಿರು ಕಂಡರೆ ಮನಸ್ಸಿಗೆ ಹಿತವೆಂಬುದು ಬರಿಯ ಕವಿಗಳ ಮಾತಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ರೋಜರ್ ಉಲ್ರಿಚ್ ಎಂಬ ಸಂಶೋಧಕರು ಪರಿಶೀಲಿಸಿ 1984ರಲ್ಲಿ ಪ್ರಕಟಿಸಿದರು. ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆಯನ್ನು ಮಾತ್ರ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು. ನೋವಿಗೆ ಅವರು ಕೇಳಿದ ಪ್ರಬಲ ಔಷಧಿಯೂ ಕಡಿಮೆ. ಇದು ಸಣ್ಣ ಅಧ್ಯಯನವೇ ಆದರೂ ವೈದ್ಯಲೋಕ ಈ ದಿಕ್ಕಿನಲ್ಲಿ ಯೋಚಿಸುವಂತೆ ಮಾಡಿತು.

ಬಗ್ಗಿ ಕಳೆ ಕೀಳುವುದು, ನೀರು ಹೊರುವುದು, ಒಣಗಿದ ರೆಂಬೆ ಕತ್ತರಿಸುವುದು ಒಳ್ಳೆಯ ವ್ಯಾಯಾಮ. ನಿವೃತ್ತರಿಗೆ, ಮನೆಯಲ್ಲೇ ಉಳಿಯುವ ಹಿರಿಯರಿಗೆ ದಿನಕ್ಕೆ ಅರ್ಧ ಗಂಟೆ ಹಿತ್ತಲ ಕೆಲಸವಿದ್ದರೆ ಹಸಿವೆ, ನಿದ್ದೆ ಎರಡೂ ಸುಧಾರಿಸುತ್ತವೆ. ಆದರೆ ಸಕ್ಕರೆ ಕಾಯಿಲೆ ಇರುವವರು ಬರಿಗಾಲಿನಲ್ಲಿ ಇಳಿಯಬಾರದು. ಪಾದದ ಸ್ಪರ್ಶಜ್ಞಾನ ಕುಂದಿರುವವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಆ ಸಣ್ಣ ಗಾಯವೇ ಹುಣ್ಣಾಗಬಲ್ಲದು.

ಬೆರಕೆ ಸೊಪ್ಪು

ಬಸ್ಸಾರು, ಮಸ್ಸೊಪ್ಪಿಗೆ ಬೆರಕೆ ಸೊಪ್ಪೇ ಬೇಕೆಂಬುದು ಹಳೆಯ ಮೈಸೂರು ಸೀಮೆಯ ಅಡುಗೆಯವರ ಹಟ. ಅದರಲ್ಲಿ ಅರ್ಥವುಂಟು. ಒಂದೊಂದು ಸೊಪ್ಪಿನಲ್ಲಿ ಒಂದೊಂದು ಪೋಷಕಾಂಶ ಹೆಚ್ಚು. ಹಸಿರು ಸೊಪ್ಪುಗಳು ಕಬ್ಬಿಣ, ಸುಣ್ಣದ ಅಂಶ, ನಾರು, ಫೋಲಿಕ್ ಆಮ್ಲ ಹಾಗೂ ‘ಎ’ ಜೀವಸತ್ವದ ಮೂಲವಸ್ತುವನ್ನು ಒದಗಿಸುತ್ತವೆ. ಜೊತೆಗೆ ನಿಂಬೆರಸ ಸೇರಿದರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ.

ಆದರೆ ನಾಲ್ಕು ಎಚ್ಚರಿಕೆಗಳನ್ನು ಮರೆಯಬಾರದು. ಗಣಿಕೆಯ ಸೊಪ್ಪನ್ನು ಬೇಯಿಸಿ ತಿನ್ನುತ್ತೇವೆ, ಮಾಗಿದ ಕಪ್ಪು ಹಣ್ಣನ್ನು ಮಕ್ಕಳೂ ಬಾಯಿಗೆ ಹಾಕಿಕೊಳ್ಳುತ್ತಾರೆ. ಅದರ ಹಸಿರು ಕಾಯಿ ಮಾತ್ರ ವಿಷಕಾರಿ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಹರಳುಗಳಿರುವುದರಿಂದ ಗಂಟಲು ಕೆರೆಯುತ್ತದೆ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕೆಂದು ಅಜ್ಜಿಯರು ಹೇಳುತ್ತಿದ್ದುದು ಇದಕ್ಕೇ. ಮೂತ್ರಕೋಶದ ಕಲ್ಲಿನ ತೊಂದರೆ ಇರುವವರಿಗೆ ದಂಟು, ಗೋಣಿ, ಪಾಲಕ್‌ ಸೊಪ್ಪುಗಳಲ್ಲಿರುವ ಆಕ್ಸಲೇಟ್ ಒಳ್ಳೆಯದಲ್ಲ. ಬೇಯಿಸಿದಾಗ ಅದರಲ್ಲಿ ಸ್ವಲ್ಪ ಭಾಗ ನೀರಿಗೆ ಇಳಿಯುತ್ತದೆ. ಬಸಿದ ಆ ನೀರೇ ಬಸ್ಸಾರಿಗೆ ಆಧಾರವಾದ್ದರಿಂದ ಇಂಥವರು ಬೆಂದ ಸೊಪ್ಪಿನ ಪಲ್ಯವನ್ನು ಮಿತವಾಗಿ ತಿಂದು ಸಾರನ್ನು ಬಿಡುವುದು ಮೇಲು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಂಥದೇ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸುವುದು, ಇಳಿಸುವುದು ಸಲ್ಲದು. ಸೊಪ್ಪಿನಲ್ಲಿರುವ ‘ಕೆ’ ಜೀವಸತ್ವ ಆ ಔಷಧಿಯ ಗುಣವನ್ನು ತಗ್ಗಿಸುತ್ತದೆ.

ಚರಂಡಿಯ ಬದಿ, ರಸ್ತೆಯ ಅಂಚಿನ ಸೊಪ್ಪನ್ನು ಕೀಳಬೇಡಿ. ಮಾರುಕಟ್ಟೆಯದಾಗಲಿ, ಹಿತ್ತಲಿನದಾಗಲಿ, ಮೂರು ನಾಲ್ಕು ನೀರಿನಲ್ಲಿ ತೊಳೆದೇ ಬಳಸಿ.

ಮದ್ದು ಎಲ್ಲಿಯವರೆಗೆ?

ಹಿತ್ತಲ ಗಿಡ ಮದ್ದಲ್ಲ ಎಂಬುದು ನಮ್ಮ ಗಾದೆ. ಹತ್ತಿರವಿರುವುದಕ್ಕೆ ಬೆಲೆಯಿಲ್ಲ ಎಂದು ಅದರ ಅರ್ಥ. ಇತ್ತೀಚೆಗೆ ಇದಕ್ಕೆ ತಿರುಗುಮುರುಗಾದ ತಪ್ಪೂ ನಡೆಯುತ್ತಿದೆ. ಹಿತ್ತಲಿನದೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ನಂಬಿ ಹಿಡಿಗಟ್ಟಲೆ ಅರೆದು ಕುಡಿಯುವವರಿದ್ದಾರೆ.

ನೆಗಡಿಗೆ ದೊಡ್ಡಪತ್ರೆಯ ತಂಬುಳಿ, ಕೆಮ್ಮಿಗೆ ತುಳಸಿಯ ಬಿಸಿನೀರು, ಊಟಕ್ಕೆ ಒಂದೆಲಗದ ಚಟ್ನಿ, ಇವಕ್ಕೆ ಅಡ್ಡಿಯಿಲ್ಲ. ಕಾಮಾಲೆಯ ಮಾತು ಬೇರೆ. ನೆಲನೆಲ್ಲಿಯಿಂದ ‘ಬಿ’ ಬಗೆಯ ಕಾಮಾಲೆಯ ವೈರಸ್ಸು ಮರೆಯಾಗುತ್ತದೆಂದು 1988ರಲ್ಲಿ ಮದರಾಸಿನ ಅಧ್ಯಯನವೊಂದು ಭರವಸೆ ಹುಟ್ಟಿಸಿತ್ತು. ಅದರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಬ್ಲೂಂಬರ್ಗ್ ಅವರೂ ಭಾಗಿಗಳು. ಆದರೆ ಬೇರೆ ಕಡೆಗಳಲ್ಲಿ ನಡೆದ ನಂತರದ ಪ್ರಯೋಗಗಳಲ್ಲಿ ಆ ಫಲ ಕಾಣಲಿಲ್ಲ. ಕಣ್ಣು ಹಳದಿಯಾದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಪಥ್ಯದ ನೆಪದಲ್ಲಿ ವಾರಗಳನ್ನು ಕಳೆಯುವುದು ಪ್ರಾಣಕ್ಕೆ ಎರವಾಗಬಹುದು.

ಅಮೃತಬಳ್ಳಿಯ ವಿಷಯವೂ ಹಾಗೆಯೇ. ಕೋವಿಡ್ ಕಾಲದಲ್ಲಿ ಅದರ ಕಷಾಯವನ್ನು ಅನೇಕರು ದಿನವೂ ಕುಡಿದರು. ಹೀಗೆ ಬಳಸಿದವರಲ್ಲಿ ಕೆಲವರಿಗೆ ಯಕೃತ್ತಿನ ತೊಂದರೆ ಕಂಡಿತೆಂದು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಕೇಂದ್ರದ ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅದನ್ನೇ ಹೋಲುವ ಬೇರೆ ಬಳ್ಳಿಗಳೂ ಇವೆ. ಆದ್ದರಿಂದ ತಿಂಗಳುಗಟ್ಟಲೆ ಕುಡಿಯುವ ಮುನ್ನ, ಅದರಲ್ಲೂ ಯಕೃತ್ತಿನ ಕಾಯಿಲೆ ಇರುವವರು, ವೈದ್ಯರನ್ನು ಕೇಳಲೇಬೇಕು.

ಗುರುತಿರಬೇಕಾದ ವಿಷಗಳು

ಹಳದಿ ಕಣಗಿಲೆಯ ಹೂವನ್ನು ದೇವರಿಗೆ ಮುಡಿಸುತ್ತೇವೆ. ಆದರೆ ಅದರ ಬೀಜ ಹೃದಯದ ಬಡಿತವನ್ನೇ ಕೆಡಿಸಬಲ್ಲ ವಿಷ. ಕೆಂಪು, ಬಿಳಿ ಕಣಗಿಲೆಯ ಎಲೆ, ಕಾಂಡಗಳೂ ಹಾಗೆಯೇ. ಉಮ್ಮತ್ತಿಯ ಬೀಜ ತಿಂದರೆ ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಬುದ್ಧಿಭ್ರಮೆಯಾಗುತ್ತದೆ. ಗುಲಗಂಜಿ ಮತ್ತು ಹರಳು ಬೀಜಗಳನ್ನು ಅಗಿದು ನುಂಗಿದರೆ ಅಪಾಯ ಹೆಚ್ಚು.

ಈ ಗಿಡಗಳನ್ನೆಲ್ಲ ಕಡಿಯಬೇಕೆಂದಲ್ಲ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಬೇಡ. ದೊಡ್ಡ ಮಕ್ಕಳಿಗೆ ಇವುಗಳ ಗುರುತು ಹೇಳಿಕೊಡಿ. ಮಗು ತಿಂದಿದೆಯೆಂಬ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಗಿಡದ ಒಂದು ರೆಂಬೆ, ಉಳಿದ ಕಾಯಿಗಳ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಯಾವ ಗಿಡವೆಂದು ತಿಳಿದರೆ ಚಿಕಿತ್ಸೆಗೆ ಅರ್ಧ ದಾರಿ ಸಿಕ್ಕಂತೆ.

ಕಾಂಗ್ರೆಸ್ ಗಿಡ ಹಿತ್ತಲಲ್ಲಿ ತಲೆಯೆತ್ತಿದರೆ ಹೂ ಬಿಡುವ ಮೊದಲೇ, ಕೈಚೀಲ ತೊಟ್ಟು, ಬೇರು ಸಮೇತ ಕಿತ್ತುಹಾಕಿ. ಚರ್ಮದ ಅಲರ್ಜಿ, ಸೀನು, ಉಬ್ಬಸಗಳಿಗೆ ಅದು ಕಾರಣವಾಗುತ್ತದೆ. ಉಬ್ಬಸವಿರುವವರು ಈ ಕೆಲಸಕ್ಕೆ ಕೈಹಾಕುವುದು ಬೇಡ.

ಗಿಡ ನಿಲ್ಲಲಿ, ನೀರು ನಿಲ್ಲದಿರಲಿ

ಡೆಂಗಿ ತರುವ ಈಡಿಸ್ ಸೊಳ್ಳೆ ಹುಟ್ಟುವುದು ಸೊಪ್ಪಿನ ಪೊದೆಯಲ್ಲಲ್ಲ, ನಿಂತ ನೀರಿನಲ್ಲಿ. ಮೂಲೆಗೆ ತಳ್ಳಿದ ಹಳೆಯ ಒರಳುಕಲ್ಲು, ಒಡೆದ ತೆಂಗಿನ ಚಿಪ್ಪು, ಕುಂಡದ ಕೆಳಗಿನ ತಟ್ಟೆ, ಮುಚ್ಚಳವಿಲ್ಲದ ತೊಟ್ಟಿ, ಬಿಸಾಡಿದ ಟೈರು, ಹಿತ್ತಲಲ್ಲಿ ನೋಡಬೇಕಾದ ಜಾಗಗಳು ಇವು. ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 10 ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ತಪ್ಪದೆ ನೀರು ಚೆಲ್ಲಿ, ಒಳಮೈಯನ್ನು ತಿಕ್ಕಿ ತೊಳೆಯಿರಿ. ಈ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿದ್ದರೂ ಸಾಯದೆ, ಮತ್ತೆ ನೀರು ಬಿದ್ದಾಗ ಮರಿಯಾಗುತ್ತವೆ. ಒರಳನ್ನು ಬೋರಲು ಹಾಕಿ, ಇಲ್ಲವೆ ಮಣ್ಣು ತುಂಬಿ ಅದರಲ್ಲೇ ದೊಡ್ಡಪತ್ರೆ ನೆಡಿ. ಈಡಿಸ್ ಹಗಲು ಕಚ್ಚುವ ಸೊಳ್ಳೆ. ಹಿತ್ತಲಲ್ಲಿ ಕೆಲಸ ಮಾಡುವಾಗ ತುಂಬು ತೋಳಿನ ಬಟ್ಟೆ ಇರಲಿ. ಜ್ವರ ಬಂದರೆ ಪ್ಯಾರಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ನೀವಾಗಿ ನುಂಗಬೇಡಿ.

ಹಾವಿನ ವಿಷಯ. ಹಾವು ಬರುವುದು ಇಲಿಯ ಬೆನ್ನು ಹತ್ತಿ ಮತ್ತು ಅಡಗುದಾಣ ಹುಡುಕಿಕೊಂಡು. ಇಟ್ಟಿಗೆ, ಸೌದೆ, ಮುರಿದ ಪೆಟ್ಟಿಗೆಗಳ ರಾಶಿ ಹಾಕಬೇಡಿ. ಎಂಜಲು ಚೆಲ್ಲಬೇಡಿ. ಮನೆಯ ಗೋಡೆಯಿಂದ ಮೂರು ಅಡಿ ಜಾಗ, ಬಚ್ಚಲಿಗೂ ಬಟ್ಟೆ ಒಣಗಿಸುವ ಕಡೆಗೂ ಹೋಗುವ ದಾರಿ ಸದಾ ಬೋಳಾಗಿರಲಿ. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಇಳಿಯಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಎಲ್ಲವೂ ತಪ್ಪು. ಆ ಅಂಗವನ್ನು ಅಲುಗಾಡಿಸದೆ, ವಿಷಕ್ಕೆ ಪ್ರತಿವಿಷ ಸಿಗುವ ಆಸ್ಪತ್ರೆಗೆ ಸಾಗಿಸಿ. ಪೊದೆಗಳ ನಡುವೆ ಓಡಾಡಿದವರಿಗೆ ಒಂದೆರಡು ವಾರದಲ್ಲಿ ಜ್ವರ ಬಂದು, ಮೈಮೇಲೆ ಸುಟ್ಟಂಥ ಕಪ್ಪು ಕಲೆ ಕಂಡರೆ ವೈದ್ಯರಿಗೆ ತೋರಿಸಿ. ನುಸಿಯ ಕಡಿತದಿಂದ ಬರುವ ಸ್ಕ್ರಬ್ ಟೈಫಸ್ ಎಂಬ ಜ್ವರದ ಗುರುತು ಅದಾಗಿರಬಹುದು. ಬೇಗ ತಿಳಿದರೆ ಅದು ಗುಣವಾಗುವ ಕಾಯಿಲೆ.

ಹಿತ್ತಲಿಲ್ಲದವರು

ಬಹುಮಹಡಿ ಮನೆಗಳಲ್ಲಿ ಇರುವವರು ನಿರಾಶರಾಗಬೇಕಿಲ್ಲ. ತಳಕ್ಕೆ ತೂತು ಮಾಡಿದ ಅಗಲವಾದ ಒಂದು ತೊಟ್ಟಿಯಲ್ಲಿ ಒಂದೆಲಗ, ದೊಡ್ಡಪತ್ರೆ, ತುಳಸಿ, ಪುದೀನಗಳನ್ನು ಒಟ್ಟಿಗೆ ಬೆಳೆಸಿ, ಅವು ಒಂದನ್ನೊಂದು ತಬ್ಬಿಕೊಳ್ಳಲಿ. ಸಸಿಗಳು ಲಾಲ್‌ಬಾಗ್ ಬಳಿಯ ಸಿದ್ದಾಪುರದ ನರ್ಸರಿಗಳಲ್ಲಿ ಸಿಗುತ್ತವೆ. ಮಾರುಕಟ್ಟೆಯಿಂದ ತಂದ ದೊಡ್ಡಪತ್ರೆ, ಪುದೀನ, ಬಸಳೆಗಳ ದಂಟನ್ನು ಮಣ್ಣಿಗೆ ಚುಚ್ಚಿದರೂ ಸಾಕು, ಚಿಗುರುತ್ತವೆ.

ಹಳೆಯ ಹಿತ್ತಲುಗಳು ಕಾಡಿನಂತೆ ಕಂಡರೂ ಅಲ್ಲಿನ ಪ್ರತಿ ಗಿಡದ ಹೆಸರು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರುತ್ತಿತ್ತು. ಯಾವುದು ಸಾರಿಗೆ, ಯಾವುದು ಪೂಜೆಗೆ, ಯಾವುದನ್ನು ಮುಟ್ಟಬಾರದು ಎಂಬ ತಿಳಿವಳಿಕೆಯೇ ಅದರ ಬೇಲಿ. ಇಂದು ಆ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ, ಗಿಡಗಳು ಮಾತ್ರ ಉಳಿದಿವೆ. ಆದ್ದರಿಂದ ಬರುವ ಭಾನುವಾರ ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹಿತ್ತಲನ್ನು ಒಂದು ಸುತ್ತು ಹಾಕಿ. ಪ್ರತಿ ಗಿಡದ ಹೆಸರು ಕೇಳಿ, ಮಕ್ಕಳಿಂದ ಒಂದು ಪುಸ್ತಕದಲ್ಲಿ ಬರೆಸಿ. ನಿಂತ ನೀರು ಕಂಡರೆ ಚೆಲ್ಲಿ. ಹೆಸರು ತಿಳಿಯದ ಗಿಡ ಅಲ್ಲೇ ಇರಲಿ, ಬಾಯಿಗೆ ಮಾತ್ರ ಹೋಗದಿರಲಿ.